ಮೆಟ್ಟಿಲು ಹತ್ತದವರ ಹಿಮಾಲಯ

ಯಲ್ಲಮ್ಮನ ಗುಡ್ಡದಲ್ಲಿ ಗುಡಿಯ ಬಾಗಿಲ ತನಕ ಕಾರು ಬಿಡಲಿಲ್ಲವೆಂದು ಪೊಲೀಸರ ಜೊತೆ ಜಗಳಕ್ಕೆ ನಿಲ್ಲುವ ಮನುಷ್ಯನನ್ನು ಈಗ ಹಿಮಾಲಯ ಕರೆಯುತ್ತಿದೆಯಂತೆ.

ಕರೆ ಬಂದದ್ದು ಮೊಬೈಲಿಗೆ. ಮನಾಲಿ ಬಳಿಯ ಅಟಲ್ ಸುರಂಗದಲ್ಲಿ ಯಾರೋ ಕಾರಿನ ಸನ್‌ರೂಫಿನಿಂದ ಅರ್ಧ ಮೈ ಹೊರಗೆ ಹಾಕಿ ಕಿರುಚುವ ರೀಲ್ಸ್. ಅದನ್ನು ನೋಡಿದಂದಿನಿಂದ ಬೈಲಹೊಂಗಲದಲ್ಲಿ ಕೆಲವರಿಗೆ ನಿದ್ದೆ ಇಲ್ಲ. ಕೂಡಲೇ ಒಂದು ವಾಟ್ಸಾಪ್ ಗ್ರೂಪು. ಹೆಸರು ‘ಹಿಮಾಲಯ ಚಲೋ’. ಬೈಲಹೊಂಗಲದ ಬ್ಯಾಂಕ್ ಸಾಹೇಬರು, ಕಿತ್ತೂರಿನ ಶಾಲೆಯ ಸರ್, ಸವದತ್ತಿಯ ಗುತ್ತಿಗೆದಾರರು, ರಾಮದುರ್ಗದ ಸೀರೆ ಅಂಗಡಿ ಮಾಲೀಕರು. ಇವರು ಯಾರೆಂದು ನಾನು ಹೇಳಬೇಕಿಲ್ಲ. ನಿಮ್ಮ ಓಣಿಯಲ್ಲೇ ಇದ್ದಾರೆ.

ಮೂವತ್ತು ಮೆಟ್ಟಿಲಿಗೆ ಏದುಸಿರು ಬಿಡುವವರು 3,978 ಮೀಟರ್ ಎತ್ತರದ ರೋಹ್ತಾಂಗ್ ಪಾಸ್ ಬಗ್ಗೆ ಚಹಾದಂಗಡಿಯಲ್ಲಿ ಮಾತಾಡುತ್ತಿದ್ದಾರೆ. ಕೇಳುವ ಕರ್ಮ ನಮ್ಮದು.

ಮೊದಲು ಲೆಕ್ಕ ನೋಡೋಣ. ಪ್ರವಾಸಕ್ಕೆ ಇವರಿಟ್ಟ ಹೆಸರು ‘ಶಾರ್ಟ್ ಟ್ರಿಪ್’. ಕಿತ್ತೂರಿನಿಂದ ಮನಾಲಿಗೆ ಪುಣೆ, ದೆಹಲಿ ಹಾದು ಹೋದರೆ 2,200 ಕಿಲೋಮೀಟರಿಗೂ ಮೇಲೆ. ದಿನಕ್ಕೆ 600 ಕಿಲೋಮೀಟರ್ ಹೊಡೆದರೂ ಹೋಗಲು ನಾಲ್ಕು ದಿನ, ಬರಲು ನಾಲ್ಕು ದಿನ. ರಜೆ ಒಟ್ಟು ಒಂಬತ್ತು ದಿನ. ಉಳಿಯುವುದು ಒಂದು. ಆ ಒಂದು ದಿನ ಸೋಲಾಂಗ್ ದಾರಿಯ ಟ್ರಾಫಿಕ್ಕಿಗೆ ಅರ್ಪಣೆ.

ಉತ್ಪ್ರೇಕ್ಷೆಯಲ್ಲ. 2023ರ ಡಿಸೆಂಬರಿನಲ್ಲಿ ಕ್ರಿಸ್ಮಸ್ ರಜೆಯ ಒಂದೇ ದಿನ ಅಟಲ್ ಸುರಂಗವನ್ನು 28 ಸಾವಿರಕ್ಕೂ ಹೆಚ್ಚು ವಾಹನ ದಾಟಿದವು. ಮರುವರ್ಷ ಡಿಸೆಂಬರಿನಲ್ಲಿ ಹಿಮ ಬಿದ್ದು ಸೋಲಾಂಗ್ ಮತ್ತು ಸುರಂಗದ ನಡುವೆ ಸುಮಾರು ಸಾವಿರ ವಾಹನ ಸಿಕ್ಕಿಬಿದ್ದವು. ಪೊಲೀಸರು ರಾತ್ರಿಯೆಲ್ಲ ನಿಂತು ಒಂದೊಂದನ್ನೇ ಬಿಡಿಸಿದರು. ಬೈಲಹೊಂಗಲದ ಪೇಟೆಯಲ್ಲಿ ಹತ್ತು ನಿಮಿಷ ಸಂತೆ ಅಡ್ಡ ಬಂದರೆ ಹಾರ್ನ್ ಮೇಲೆ ಕೂರುವವರು, ಅಲ್ಲಿ ಹತ್ತು ತಾಸು ಕಾರಿನಲ್ಲಿ ಕೂತು ಬಂದು ‘ಸ್ವರ್ಗ ರೀ’ ಎನ್ನುತ್ತಾರೆ. ಜಾಮ್ ಅದೇ. ಫೋಟೋದಲ್ಲಿ ಹಿಂದೆ ಬಿಳಿ ಬಣ್ಣ ಬಿದ್ದಿದೆ, ಅಷ್ಟೆ.

ಇನ್ನು ರಜೆ. ಬ್ಯಾಂಕ್ ಸಾಹೇಬರಿಗೆ ಎಲ್‌ಎಫ್‌ಸಿ, ಅಂದರೆ ರಜೆ ಪ್ರಯಾಣದ ಸೌಲಭ್ಯ ಇದೆ. ಖರ್ಚು ಬ್ಯಾಂಕಿನದು. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದಾಗ ‘ಬಿಟ್ಟಿ ಬಸ್ಸಿನಿಂದ ರಾಜ್ಯ ಮುಳುಗುತ್ತದೆ’ ಎಂದು ವಾಟ್ಸಾಪಿನಲ್ಲಿ ಉದ್ದುದ್ದ ಬರೆದವರು ಇವರೇ. ಕೂಲಿ ಹೆಂಗಸು ಸವದತ್ತಿಗೆ ಪುಕ್ಕಟೆ ಹೋದರೆ ರಾಜ್ಯ ಮುಳುಗುತ್ತದೆ. ಸಾಹೇಬರು ಮನಾಲಿಗೆ ಪುಕ್ಕಟೆ ಹೋದರೆ ಸೌಲಭ್ಯ.

ಸರ್ ಅವರದು ಇನ್ನೂ ಸೊಗಸು. ಗಳಿಕೆ ರಜೆ ಉಳಿಸಿದರೆ ರೊಕ್ಕ ಬರುತ್ತದೆ. ಹಾಗಾಗಿ ವೈದ್ಯಕೀಯ ರಜೆ. ಸೊಂಟ ನೋವು, ಹತ್ತು ದಿನ ವಿಶ್ರಾಂತಿ ಬೇಕೆಂದು ಸರ್ಟಿಫಿಕೇಟು ತಯಾರಾಗಿದೆ. ಸೊಂಟ ನೋವಿನ ರೋಗಿ 4,400 ಕಿಲೋಮೀಟರ್ ಸ್ಟೇರಿಂಗ್ ಹಿಡಿಯಲಿದ್ದಾರೆ. ದಿನಕ್ಕೆ ಆರು ಸ್ಟೇಟಸ್ ಹಾಕಲಿದ್ದಾರೆ. ಮುಖ್ಯೋಪಾಧ್ಯಾಯರು ಅವಕ್ಕೆಲ್ಲ ಹೆಬ್ಬೆರಳು ಒತ್ತಲಿದ್ದಾರೆ. ಮಕ್ಕಳು ಒಂಬತ್ತು ದಿನ ಮೈದಾನದಲ್ಲಿರುತ್ತಾರೆ. ಪ್ರಕೃತಿಯ ಮಡಿಲಲ್ಲಿ ಅವರಾದರೂ ಇರಲಿ.

ಪೂರ್ವಸಿದ್ಧತಾ ಸಭೆ ಚಹಾದಂಗಡಿಯಲ್ಲಿ ನಡೆಯಿತು. ಮಾತು ಹೀಗಿತ್ತು.

‘ಅಣ್ಣಾ, ರೋಹ್ತಾಂಗಕ್ಕ ಪರ್ಮಿಟ್ ಬೇಕಂತ. ದಿನಕ್ಕ ಇಷ್ಟ ಗಾಡಿ ಅಂತ ಲೆಕ್ಕ ಐತಂತ.’

‘ಏ, ಅದೇನ್ ಬಿಡ್ರಿ ಸರ್. ಎಮ್ಮೆಲ್ಲೆ ಸಾಹೇಬ್ರ ಪಿಎಗೆ ಒಂದ್ ಫೋನ್ ಹಚ್ಚಿದ್ರ ಮುಗೀತು.’

ದಿನಕ್ಕೆ 1,200 ವಾಹನ. 800 ಪೆಟ್ರೋಲ್, 400 ಡೀಸೆಲ್. ಇದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಹಾಕಿದ ಮಿತಿ. ಹೊಗೆಯ ಮಸಿ ಹಿಮದ ಮೇಲೆ ಕೂತು ಹಿಮ ಕರಗುತ್ತಿದೆಯೆಂದು ಹಾಕಿದ್ದು. ಪಿಎ ಸಾಹೇಬರ ವಶೀಲಿ ಬೈಲಹೊಂಗಲದ ಬಸ್‌ಸ್ಟ್ಯಾಂಡ್ ದಾಟಿದರೇ ಹೆಚ್ಚು. ಆದರೆ ನಮ್ಮವರ ನಂಬಿಕೆ ಗಟ್ಟಿ. ಕಾಯ್ದೆ ಇರುವುದು ಫೋನ್ ನಂಬರ್ ಇಲ್ಲದವರಿಗೆ.

ಆಮೇಲೆ ಟೋಲಿನ ಮಾತು ಬಂತು. ಫಾಸ್ಟ್ಯಾಗ್ ವಾರ್ಷಿಕ ಪಾಸು 2025ರ ಆಗಸ್ಟ್ 15ರಿಂದ ಇದೆ. ಶುರುವಿನಲ್ಲಿ 3,000 ರೂಪಾಯಿಗೆ 200 ಸಲ ಎಂದಿತ್ತು. ಪಾಸು ತೆಗೆಸಿದ ಮೇಲೆ ಮನೆಯಲ್ಲಿ ಕೂತರೆ ಲುಕ್ಸಾನಲ್ಲವೇ? ಇದೇ ಮಹಾಶಯರು ಮೊನ್ನೆ ಮೊನ್ನೆಯವರೆಗೆ ಹಿರೇಬಾಗೇವಾಡಿ ಟೋಲಿನಲ್ಲಿ ಆಧಾರ್ ಕಾರ್ಡ್ ತೋರಿಸಿ ‘ನಾವ್ ಲೋಕಲ್’ ಎಂದು ಹಿಂದಿನ ಹತ್ತು ಗಾಡಿ ನಿಲ್ಲಿಸುತ್ತಿದ್ದರು.

ಒಬ್ಬರಿಗೆ ಅಷ್ಟು ದೂರ ಓಡಿಸುವ ಧೈರ್ಯವಿಲ್ಲ. ಚಂಡೀಗಢದ ತನಕ ವಿಮಾನ, ಅಲ್ಲಿಂದ ಬಾಡಿಗೆ ಕಾರು ಎಂದರು. ‘ಪರಿಚಯದವನದು ಗಾಡಿ ಐತಿ, ವೈಟ್ ಬೋರ್ಡ್, ಸೋವಿ.’ ಸ್ವಂತ ಓಡಿಸಲು ಬಾಡಿಗೆಗೆ ಕೊಡುವ ಕಾರಿಗೆ ಕಪ್ಪು ಫಲಕದ ಮೇಲೆ ಹಳದಿ ಅಕ್ಷರ ಇರಬೇಕು. ಇಂಥ ಕಾರು ಬಾಡಿಗೆಗೆ ಬಿಡಲು 1989ರಿಂದ ಕೇಂದ್ರದ ಯೋಜನೆಯೊಂದಿದೆ, ಪರವಾನಗಿ ಬೇಕೆಂದರೆ ಕನಿಷ್ಠ 50 ಕಾರು ತೋರಿಸಬೇಕು. ವೈಟ್ ಬೋರ್ಡಿನ ಖಾಸಗಿ ಕಾರನ್ನು ಬಾಡಿಗೆಗೆ ಕೊಡುವುದೂ ಅಪರಾಧ. ಅಪಘಾತವಾದರೆ ವಿಮೆಯವರು ಕೈ ಎತ್ತಬಹುದು. ಇದನ್ನೆಲ್ಲ ಹೇಳಿದ ಹುಡುಗನಿಗೆ ‘ನೀ ಭಾಳ ನೆಗೆಟಿವ್ ಮಾತಾಡ್ತಿ’ ಎಂದು ಗ್ರೂಪಿನಿಂದ ತೆಗೆದರು. ಸಭೆಯಲ್ಲಿ ಓದಿಕೊಂಡು ಬಂದವನು ಅವನೊಬ್ಬನೇ ಇದ್ದ.

ಇನ್ನು ಓಡಿಸುವ ಕೌಶಲ. ಇವರ ಘಟ್ಟದ ಅನುಭವವೆಂದರೆ ಚೋರ್ಲಾ. ಅದೂ ಗೋವಾದಿಂದ ಬರುವಾಗ ಯಾವ ಸ್ಥಿತಿಯಲ್ಲಿ ಹತ್ತಿದರೆಂದು ಅವರಿಗೇ ನೆನಪಿಲ್ಲ. ಗುಡ್ಡದ ಇಕ್ಕಟ್ಟು ದಾರಿಯಲ್ಲಿ ಏರುವ ವಾಹನಕ್ಕೆ ಮೊದಲ ದಾರಿ, ಇಳಿಯುವವನು ಕಾಯಬೇಕು. ನಮ್ಮವರ ನಿಯಮ ಬೇರೆ. ದೊಡ್ಡ ಗಾಡಿ ಯಾರದೋ ಅವರದೇ ದಾರಿ. ಇಳಿಜಾರಿನಲ್ಲಿ ಕೆಳಗಿನ ಗೇರಿನಲ್ಲಿ ಎಂಜಿನ್ ಹಿಡಿತದಲ್ಲಿ ಇಳಿಯಬೇಕು. ಇವರು ನ್ಯೂಟ್ರಲ್ ಹಾಕುತ್ತಾರೆ. ಡೀಸೆಲ್ ಉಳಿಯುತ್ತದಂತೆ! ಎರಡು ಸಾವಿರ ಕಿಲೋಮೀಟರ್ ಸುಟ್ಟು ಬಂದು ಕೊನೆಯ ಇಳಿಜಾರಿನಲ್ಲಿ ಅರ್ಧ ಲೀಟರ್ ಉಳಿಸುವ ಮಿತವ್ಯಯ. ಬ್ರೇಕ್ ಕಾದು ಹಿಡಿಯದೇ ಹೋದರೆ ಉಳಿದ ಡೀಸೆಲ್ ಮನೆಯವರು ಇಸಿದುಕೊಳ್ಳಬೇಕು.

‘ನಮ್ಮ ಹಾದ್ಯಾಗ ಓಡಿಸಿದವರಿಗೆ ಎಲ್ಲಿ ಬೇಕಾದ್ರೂ ಓಡಿಸಾಕ ಬರ್ತೈತಿ’ ಎನ್ನುತ್ತಾರೆ. ಇದರಲ್ಲಿ ಸ್ವಲ್ಪ ನ್ಯಾಯವಿದೆ. ಕಬ್ಬಿನ ಹಂಗಾಮಿನಲ್ಲಿ ರಾತ್ರಿ ಬೈಲಹೊಂಗಲದಿಂದ ಸವದತ್ತಿಗೆ ಹೋಗಿ ನೋಡಿ. ಎರಡೆರಡು ಟ್ರೇಲರ್, ಮೇಲೆ ಮಾಳಿಗೆಯೆತ್ತರ ಕಬ್ಬು, ಹಿಂದೆ ಒಂದು ಕೆಂಪು ದೀಪವಿಲ್ಲ, ಒಂದು ರೇಡಿಯಂ ಪಟ್ಟಿಯಿಲ್ಲ. ಮುಂದೆ ಮಾತ್ರ ಕಿವಿ ಹರಿಯುವ ಡಿಜೆ. ಟ್ರ್ಯಾಕ್ಟರ್ ಎಲ್ಲಿ ಮುಗಿಯುತ್ತದೆಂದು ಗುದ್ದಿದ ಮೇಲೆ ಗೊತ್ತಾಗುತ್ತದೆ. ಹತ್ತು ರೂಪಾಯಿಯ ರೇಡಿಯಂ ಹಚ್ಚಿಸಲು ಈ ನಾಲ್ವರಲ್ಲಿ ಯಾರೂ ಒಂದು ಅರ್ಜಿ ಕೊಟ್ಟವರಲ್ಲ. ಹಿಮಾಚಲದ ರಸ್ತೆ ಸುರಕ್ಷತೆಯ ಬಗ್ಗೆ ಮಾತ್ರ ಎಲ್ಲರಿಗೂ ಅಭಿಪ್ರಾಯವಿದೆ.

ಗುತ್ತಿಗೆದಾರರ ಅಭಿಪ್ರಾಯ ಎಲ್ಲರಿಗಿಂತ ದೊಡ್ಡದು. ‘ಅಲ್ಲಿ ಕ್ವಾಲಿಟಿ ಇಲ್ರಿ, ಗುಡ್ಡ ಕುಸೀತಾವ.’ ಇವರು ಹಾಕಿದ ಡಾಂಬರು ಮೊದಲ ಮಳೆಗೆ ಚಪಾತಿಯಂತೆ ಎದ್ದು ಬಂದದ್ದನ್ನು ತಾಲ್ಲೂಕು ಮರೆತಿಲ್ಲ. ಹೊಸ ಕಾರು ತಂದ ಮೇಲೆ ತಮ್ಮದೇ ರಸ್ತೆ ಬಿಟ್ಟು ಸುತ್ತು ಹಾಕಿ ಹೋಗುತ್ತಾರೆ. ಕ್ವಾಲಿಟಿ ಅವರಿಗಿಂತ ಚೆನ್ನಾಗಿ ಯಾರಿಗೆ ಗೊತ್ತು?

ಹಿಮಾಲಯದ ಗುಡ್ಡ ಕುಸಿಯುವುದೇಕೆಂದು ಇವರಿಗೆ ಬೇಕಿಲ್ಲ. ಭೂಮಿಯ ಲೆಕ್ಕದಲ್ಲಿ ಅದು ಎಳೆಯ ಪರ್ವತ. ಸುಮಾರು 5 ಕೋಟಿ ವರ್ಷದ್ದು, ಇನ್ನೂ ಏಳುತ್ತಿದೆ, ಕಲ್ಲು ಇನ್ನೂ ಸಡಿಲ. ಸವದತ್ತಿ, ರಾಮದುರ್ಗದ ಗುಡ್ಡಗಳ ಕಲಾದಗಿ ಬೆಣಚುಕಲ್ಲು ನೂರು ಕೋಟಿ ವರ್ಷ ಮೀರಿದ್ದು. ಆ ಎಳೆಯ ಗುಡ್ಡದ ಬುಡವನ್ನು ಇವರ ದೊಡ್ಡ ಕಾರಿಗೆ ದಾರಿ ಸಾಲದೆಂದು ಕಡಿಯುತ್ತಿದ್ದಾರೆ. 2023ರ ಜನವರಿಯಲ್ಲಿ ಜೋಶಿಮಠದ ನೂರಾರು ಮನೆ ಬಿರುಕು ಬಿಟ್ಟವು. ಅದೇ ವರ್ಷ ನವೆಂಬರಿನಲ್ಲಿ ಚಾರ್‌ಧಾಮ್ ಹೆದ್ದಾರಿಯ ಸಿಲ್ಕ್ಯಾರಾ ಸುರಂಗ ಕುಸಿದು 41 ಕೂಲಿಗಳು 17 ದಿನ ಒಳಗಿದ್ದರು. ಯಂತ್ರಗಳು ಮುರಿದವು. ಕೊನೆಗೆ ಕೈಯಿಂದ ಮಣ್ಣು ಬಗೆಯುವ ಬಡ ಗಣಿ ಕೆಲಸಗಾರರು ಅವರನ್ನು ಹೊರಗೆ ತಂದರು. ನಮ್ಮವರು ಟೀವಿ ಮುಂದೆ ಕೂತು ಚಪ್ಪಾಳೆ ತಟ್ಟಿದರು. ‘ರೋಡ್ ಆದ್ರ ಎರಡ ತಾಸು ಉಳಿತೈತಿ’ ಎಂದೂ ಸೇರಿಸಿದರು.

ರಾಮದುರ್ಗದ ಮಾಲೀಕರದು ಬೇರೆ ಆಸೆ. ಅವರಿಗೆ ಬಿಯಾಸ್ ನದಿಗೆ ತಾಗಿದ ಕೋಣೆಯೇ ಬೇಕು. ಕಿಟಕಿ ತೆಗೆದರೆ ನೀರು ಕಾಣಬೇಕು. ಸ್ವಾಮಿ, ನೀವು ರಾಮದುರ್ಗದವರು. 2019ರ ಆಗಸ್ಟಿನಲ್ಲಿ ಮಲಪ್ರಭೆ ಊರೊಳಗೆ ಬಂದಾಗ ಕಿಟಕಿ ತೆಗೆಯುವ ಮೊದಲೇ ನೀರು ಕಂಡಿತ್ತು. ನೇಕಾರರ ಮಗ್ಗದ ಕುಣಿಯಲ್ಲಿ ಕೆಸರು ತುಂಬಿತ್ತು. ನದಿಗೆ ತಾಗಿ ಮನೆ ಕಟ್ಟಿದವರು ದಡ್ಡರೆಂದು ಆಗ ಬೈದವರು ನೀವು. 2023ರ ಜುಲೈನಲ್ಲಿ ಅದೇ ಬಿಯಾಸ್ ಕಟ್ಟಡ, ಬಸ್ಸು, ಹೆದ್ದಾರಿಯ ತುಂಡುಗಳನ್ನು ಎಳೆದುಕೊಂಡು ಹೋಯಿತು. ಇಲ್ಲಿ ನದಿ ದಂಡೆಯ ಬಡವ ದಡ್ಡ. ಅಲ್ಲಿ ನದಿ ದಂಡೆಯ ಕೋಣೆಗೆ ದುಪ್ಪಟ್ಟು ಬಾಡಿಗೆ ಕೊಡುವವನು ರಸಿಕ.

ಮನೆಯೊಳಗೂ ಸ್ವಲ್ಪ ಇಣುಕಬೇಕು.

ಸೆಲ್ಫ್ ಡ್ರೈವ್ ಯೋಜನೆ ಯಜಮಾನರದು. ಅದರ ಹಿಂದಿನ ವಾರ ವೈನಿಯವರು ಒಲೆ ಬಿಟ್ಟು ಎದ್ದಿಲ್ಲ. ಪರಾತದ ತುಂಬ ಜೋಳದ ಹಿಟ್ಟು, ಪಕ್ಕದಲ್ಲಿ ಬಿಸಿನೀರಿನ ತಂಬಿಗೆ, ಬಡಿದ ರೊಟ್ಟಿಯನ್ನು ಖಡಕ್ ಮಾಡಲು ಒಲೆಗೆ ಒರಗಿಸಿಟ್ಟ ಸಾಲು. ಬಿಳಿ ಅರಿವೆಯಲ್ಲಿ ಕಟ್ಟಿದ ರೊಟ್ಟಿ ಗಂಟು ಮೂರು. ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಅಗಸಿ ಚಟ್ನಿ. ಮಾದಲಿ. ಗ್ಯಾಸಿನ ಸಣ್ಣ ಸಿಲಿಂಡರ್, ಕುಕ್ಕರ್, ಅಕ್ಕಿ. ಮನಾಲಿಯ ಹೋಟೆಲಿನಲ್ಲೂ ಅನ್ನಕ್ಕಿಡುವವರು ಇವರೇ. ಯಜಮಾನರು ಬಾಲ್ಕನಿಯಲ್ಲಿ ನಿಂತು ‘ಎಷ್ಟ್ ಶಾಂತ ಐತಿ ನೋಡ’ ಎನ್ನುತ್ತಾರೆ. ಹಿಂದಿನಿಂದ ಕುಕ್ಕರ್ ಸೀಟಿ ಹೊಡೆಯುತ್ತದೆ.

ವೈನಿಯವರನ್ನು ಯಾರೂ ಕೇಳಿಲ್ಲ. ಕೇಳಿದ್ದರೆ, ಓಣಿಯ ಗೆಳತಿಯರ ಜೊತೆ ಶಕ್ತಿ ಬಸ್ಸಿನಲ್ಲಿ ಗುಡ್ಡಕ್ಕೆ ಹೋಗಿ, ಯಾರಿಗೂ ಅನ್ನ ಮಾಡದೆ ಒಂದು ದಿನ ಕೂತು ಬರುತ್ತೇನೆ ಎನ್ನುತ್ತಿದ್ದರೇನೋ.

ಇವರ ಅಜ್ಜಂದಿರೂ ಸೆಲ್ಫ್ ಡ್ರೈವ್ ಮಾಡಿದವರೇ. ಭಾರತ ಹುಣ್ಣಿಮೆಗೆ ಎತ್ತಿನ ಕೋಡಿಗೆ ಬಣ್ಣ ಹಚ್ಚಿ, ಕೊರಳಿಗೆ ಗೆಜ್ಜೆ ಕಟ್ಟಿ, ಕೊಲ್ಲಾರಿ ಬಂಡಿ ಹೂಡಿಕೊಂಡು ಹೊರಟರೆ ದಾರಿಯೇ ಪ್ರವಾಸ. ಹಳ್ಳದ ದಂಡೆಯಲ್ಲಿ ಬುತ್ತಿ ಬಿಚ್ಚಿದರು. ಜೋಗುಳಬಾವಿಯಲ್ಲಿ ಮಿಂದರು. ಗುಡ್ಡದಲ್ಲಿ ಪಡ್ಲಗಿ ತುಂಬಿಸಿ ‘ಉಧೋ’ ಅಂದು ಉಂಡು ಮಲಗಿದರು. ಈಗಲೂ ಹೀಗೆ ಹೋಗುವವರಿದ್ದಾರೆ. ನಮ್ಮ ಕಾರಿನ ಸಾಹೇಬರು ಅವರ ಬಂಡಿಯ ಹಿಂದೆ ಬಂದು ಹಾರ್ನ್ ಹೊಡೆಯುತ್ತಾರೆ.

ಗುಡ್ಡಕ್ಕೆ ದುಡ್ಡೂ ಬಂದಿದೆ. 2024ರ ನವೆಂಬರಿನಲ್ಲಿ ಕೇಂದ್ರ ಸರ್ಕಾರ ಯಲ್ಲಮ್ಮನ ಗುಡ್ಡದ ಪ್ರವಾಸೋದ್ಯಮಕ್ಕೆ 100 ಕೋಟಿ ಮಂಜೂರು ಮಾಡಿತು. ಕರ್ನಾಟಕದ ಪಾಲಿಗೆ ಅದೇ ಪಟ್ಟಿಯಲ್ಲಿದ್ದ ಇನ್ನೊಂದು ಹೆಸರು ಬೆಂಗಳೂರಿನ ರೋರಿಕ್ ಎಸ್ಟೇಟ್. ಈ ಸ್ವೆತಸ್ಲಾವ್ ರೋರಿಕ್ ಕುಲ್ಲು ಕಣಿವೆಯ ನಗ್ಗರ್‌ನಲ್ಲಿ, ಅಂದರೆ ನಮ್ಮವರು ಹೊರಟಿರುವ ಮನಾಲಿಯ ಪಕ್ಕದಲ್ಲೇ, ಮನೆಯಿದ್ದ ಚಿತ್ರಕಾರ. ಅದನ್ನು ಬಿಟ್ಟು ಕರ್ನಾಟಕಕ್ಕೆ ಬಂದು ನೆಲೆಸಿದ. ಹಿಮಾಲಯ ಕಂಡವನು ಇಲ್ಲಿಗೆ ಬಂದ. ಇಲ್ಲೇ ಹುಟ್ಟಿದವರಿಗೆ ಇಲ್ಲಿ ನೋಡಲು ಏನೂ ಇಲ್ಲ.

ಏನೂ ಇಲ್ಲ ಎನ್ನುವ ಊರುಗಳ ಪಟ್ಟಿ ಕೊಡಲೇ? ಕಿತ್ತೂರಿನ ಸರ್ ತಮ್ಮ ಊರ ಕೋಟೆಯೊಳಗೆ ಕಾಲಿಟ್ಟದ್ದು ಉತ್ಸವದ ಆರ್ಕೆಸ್ಟ್ರಾಕ್ಕೆ. 1824ರ ಅಕ್ಟೋಬರ್ 23ರಂದು ಬ್ರಿಟಿಷ್ ಕಲೆಕ್ಟರ್ ಥ್ಯಾಕರೆ ಕಿತ್ತೂರಿನವರ ಜೊತೆ ಕಾದಾಡಿ ಸತ್ತ ನೆಲ ಅದು. 2024ಕ್ಕೆ ಇನ್ನೂರು ವರ್ಷ ತುಂಬಿತು. ಅರಮನೆಯ ಪಾಳುಗೋಡೆಯಲ್ಲಿ ಧ್ರುವ ನಕ್ಷತ್ರ ನೋಡಲು ಮಾಡಿದ ಕಿಂಡಿ ಇದೆ. ಸರ್ ಭೂಗೋಳ ಕಲಿಸುತ್ತಾರೆ. ಆ ಕಿಂಡಿಯನ್ನು ಒಂದು ಮಗುವಿಗೂ ತೋರಿಸಿಲ್ಲ. ಬೈಲಹೊಂಗಲದ ಸಾಹೇಬರು ರಾಣಿ ಚೆನ್ನಮ್ಮನ ಸಮಾಧಿಯ ಊರಲ್ಲೇ ಬ್ಯಾಂಕು ನಡೆಸುತ್ತಾರೆ. ಒಳಗೆ ಹೋಗಿದ್ದೀರಾ ಎಂದರೆ ‘ಪಾರ್ಕಿಂಗ್ ಪ್ರಾಬ್ಲಮ್’. ದೇಗಾವಿಯ ಕಮಲನಾರಾಯಣ ಗುಡಿ ಕಿತ್ತೂರಿನಿಂದ ಕೂಗಳತೆ. ಹೂಲಿಯ ಪಂಚಲಿಂಗೇಶ್ವರ, ಶಿರಸಂಗಿಯ ಕಾಳಮ್ಮ, ಸುರೇಬಾನದ ಶಬರಿ ಕೊಳ್ಳ, ಗೊಡಚಿಯ ವೀರಭದ್ರ, ಸೊಗಲದ ಜಲಪಾತ, ನವಿಲುತೀರ್ಥದಲ್ಲಿ ಮಲಪ್ರಭೆ ಗುಡ್ಡವನ್ನು ಸೀಳಿದ ಕಂದರ. ಯಾವುದೂ ಲೆಕ್ಕಕ್ಕಿಲ್ಲ. ಪರಸಗಡದ ಕೋಟೆ ಹತ್ತಲು ಆನ್‌ಲೈನ್ ಬುಕಿಂಗ್ ಇಲ್ಲ, ಬಾಡಿಗೆ ಜಾಕೆಟ್ ಇಲ್ಲ. ಆದ್ದರಿಂದ ಅದು ಟ್ರೆಕ್ಕಿಂಗ್ ಅಲ್ಲ, ಬರೀ ಗುಡ್ಡ ಹತ್ತುವುದು.

ಸೊಗಲಕ್ಕೆ ಹೋದವರೂ ಇದ್ದಾರೆ, ಹೋಗಿ ಏನು ಬಿಟ್ಟು ಬಂದರೆಂದು ಕಲ್ಲುಸಂದಿಯಲ್ಲಿ ನೋಡಿ. ಗುಟಕಾ ಚೀಟಿ, ಬಿಯರ್ ಬಾಟಲಿಯ ಚೂರು, ಥರ್ಮಾಕೋಲ್ ತಟ್ಟೆ. ಕಿತ್ತೂರಿನ ಗೋಡೆಯ ಮೇಲೆ ಬಾಣ ಚುಚ್ಚಿದ ಹೃದಯಗಳು. ಇದೆಲ್ಲ ಹಾಳಾಯಿತು, ಆದ್ದರಿಂದ ಸ್ವಚ್ಛ ಗಾಳಿಗಾಗಿ ಮನಾಲಿಗೆ. ಹಾಳು ಮಾಡಿದ ಕೈಯೂ ಜೊತೆಗೇ ಬರುತ್ತದೆ.

ಅಲ್ಲಿನವರಿಗೆ ಈ ಕೈಗಳ ಪರಿಚಯ ಚೆನ್ನಾಗಿದೆ. ಹಿಮಾಚಲ ಸರ್ಕಾರ 2025ರ ಏಪ್ರಿಲ್ ಕೊನೆಯಿಂದ ಟ್ಯಾಕ್ಸಿ, ಟೆಂಪೊ, ಬಸ್ಸಿನಲ್ಲಿ ಕಸದ ಡಬ್ಬಿ ಕಡ್ಡಾಯ ಮಾಡಿದೆ. ಡಬ್ಬಿ ಇಲ್ಲದಿದ್ದರೆ 10,000 ರೂಪಾಯಿ ದಂಡ, ಹೊರಗೆ ಎಸೆದರೆ 1,500. 2018ರ ಬೇಸಿಗೆಯಲ್ಲಿ ಶಿಮ್ಲಾದ ನಲ್ಲಿಗಳು ಒಣಗಿ, ಕೊಡ ಹಿಡಿದು ರಾತ್ರಿ ನಿಂತ ಜನ ‘ದಯವಿಟ್ಟು ಪ್ರವಾಸಿಗರು ಬರಬೇಡಿ’ ಎಂದು ಬೇಡಿಕೊಂಡರು. ಒಂದು ಊರು ಅತಿಥಿಗೆ ಬರಬೇಡ ಎನ್ನುವ ಮಟ್ಟಕ್ಕೆ ಬಂತೆಂದರೆ ಅತಿಥಿ ಎಂಥವನಿರಬೇಕು? 2023ರ ಡಿಸೆಂಬರಿನಲ್ಲಿ ಲಾಹೌಲ್‌ನಲ್ಲಿ ಒಬ್ಬ ಮಹಾನುಭಾವ ಟ್ರಾಫಿಕ್ ತಪ್ಪಿಸಲು ಚಂದ್ರಾ ನದಿಯೊಳಗೇ ಥಾರ್ ಓಡಿಸಿದ. ಪೊಲೀಸರು ದಂಡ ಹಾಕಿದರು. ನಮ್ಮ ಗ್ರೂಪಿನಲ್ಲಿ ಆ ವಿಡಿಯೊಗೆ ಬಂದ ಉತ್ತರ: ‘ಭಾರಿ ಗಾಡಿ ಐತಿ ಬಿಡ.’

ಹೊರಡುವ ದಿನ ಬಂದಿದೆ. ಕಾರಿಗೆ ನಿಂಬೆಹಣ್ಣು ಕಟ್ಟಿಯಾಗಿದೆ. ಹಿಂದಿನ ಗಾಜಿನ ಮೇಲೆ ‘ಬೈಲಹೊಂಗಲ ಟು ಮನಾಲಿ’ ಎಂಬ ಸ್ಟಿಕ್ಕರ್ ಅಂಟಿಸಿಯಾಗಿದೆ. ಕೆಎ-24 ಫಲಕ ಹೊತ್ತ ಕಾರುಗಳು ಡಿಸೆಂಬರಿನ ಕೊನೆಯ ವಾರ, ಇಡೀ ಉತ್ತರ ಭಾರತ ಹೊರಡುವ ಅದೇ ವಾರ, ಅದೇ ದಾರಿ ಹಿಡಿಯಲಿವೆ. ಏಕಾಂತ ಹುಡುಕಿಕೊಂಡು.

ಇವರನ್ನು ನಿಲ್ಲಿಸಲಾಗದು. ಓದುತ್ತಿರುವ ನಿಮಗಾದರೂ ಹೇಳುತ್ತೇನೆ. ಹಿಮಾಲಯ ನೋಡಬೇಕೆಂಬ ಆಸೆ ತಪ್ಪಲ್ಲ. ಬೆಳಗಾವಿಯಲ್ಲಿ ಗೋವಾ ಎಕ್ಸ್‌ಪ್ರೆಸ್ ಹತ್ತಿ, ದೆಹಲಿಯ ನಿಜಾಮುದ್ದೀನಿನಲ್ಲಿ ಇಳಿಯಿರಿ. ಜನ ಮುಗಿಬೀಳುವ ವಾರ ಬಿಡಿ. ಮಳೆಗಾಲ ಬಿಡಿ. ಒಂದೇ ಊರಲ್ಲಿ ನಾಲ್ಕು ದಿನ ಇರಿ. ಅಲ್ಲಿ ಅಲ್ಲಿಯವನದೇ ಟ್ಯಾಕ್ಸಿ ಹಿಡಿಯಿರಿ. ಯಾವ ತಿರುವಿನಲ್ಲಿ ಕಲ್ಲು ಬೀಳುತ್ತದೆ, ಯಾವ ಬೆಳಗ್ಗೆ ರಸ್ತೆಯ ಮೇಲೆ ಮಂಜು ಗಾಜಿನಂತೆ ಜಾರುತ್ತದೆ ಎಂದು ಅವನಿಗೆ ಗೊತ್ತು. ನಿಮ್ಮ ದುಡ್ಡು ಅವನ ಮನೆಗೆ ಹೋಗಲಿ. ಕಸವನ್ನು ಚೀಲದಲ್ಲಿ ಹಾಕಿಕೊಂಡು ವಾಪಸ್ ತನ್ನಿ. ವೈದ್ಯಕೀಯ ರಜೆ ಹಾಕಬೇಡಿ. ಮತ್ತು ದಯವಿಟ್ಟು, ಹಿಂದಿನ ಸೀಟಿನಲ್ಲಿ ಬಾಯಿ ಮುಚ್ಚಿ ಕೂತುಕೊಳ್ಳಿ.